ನಮ್ಮ ಹೊಂಡದಲ್ಲಿ ದೊಡ್ಡಮ್ಮನ ದೀಕ್ಷಾಸ್ನಾನ

ನಮ್ಮ ದೊಡ್ಡಮ್ಮ ಒಂದು ಹೊಲಿಗೆ ಮೆಷಿನ್ನಿಗಾಗಿ ದೇವರನ್ನು ಬದಲಾಯಿಸಿದಳು ಎಂದು ಪೆರೇಸಂದ್ರದಿಂದ ಚಿಂತಾಮಣಿಯವರೆಗೆ ಚದುರಿರುವ ನಮ್ಮ ನೆಂಟರೆಲ್ಲ ಒಂದೇ ಬಾಯಲ್ಲಿ ಹೇಳುತ್ತಾರೆ. ಆ ಮೆಷಿನ್ನನ್ನು ಚಿಕ್ಕಬಳ್ಳಾಪುರದ ಅಂಗಡಿಯಿಂದ ಲಗೇಜ್ ಆಟೋದಲ್ಲಿ ಹೇರಿಸಿ ಅವಳ ಮನೆಗೆ ಮುಟ್ಟಿಸಿದ್ದು ನಮ್ಮಪ್ಪ. ಅದು ಉರುಳದಂತೆ ತಬ್ಬಿಕೊಂಡು ಹಿಂದೆ ಕುಳಿತಿದ್ದವಳು ನಾನು. ಆಗ ದೊಡ್ಡಮ್ಮ ಚರ್ಚಿನ ಬಾಗಿಲನ್ನೂ ಕಂಡವಳಲ್ಲ. ಈ ಸಂಗತಿಯನ್ನು ನಾನು ಎಷ್ಟೋ ಮದುವೆಮನೆಗಳ ಊಟದ ಪಂಕ್ತಿಯಲ್ಲಿ ಮಂಡಿಸಿದ್ದೇನೆ. “ಇರಬೋದು ಬಿಡಮ್ಮ, ಆದ್ರೂ...” ಎಂದು ಅವರು ಅನ್ನಕ್ಕೆ ಸಾರು ಕಲಸಿಕೊಳ್ಳುತ್ತಾರೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾಲ್ಕು ನಿಮಿಷದ ಗಂಟೆ ಹೊಡೆಯುವುದರೊಳಗೆ ಎದುರಾಳಿಯನ್ನು ಕೂರಿಸಿ ಕಪ್ಪುಗಳನ್ನು ಮನೆಗೆ ತಂದವಳು ನಾನು. ಆದರೆ ‘ಆದ್ರೂ’ ಎನ್ನುವ ಮಾತಿನ ಮುಂದೆ ಒಮ್ಮೆಯೂ ಗೆದ್ದಿಲ್ಲ.

ಇದೆಲ್ಲ ಈಗ ನೆನಪಾಗಿದ್ದು ಒಂದು ಹಗ್ಗದಿಂದ. ಪಿತೃಪಕ್ಷದ ಅಮಾವಾಸ್ಯೆಗೆ ಮನೆ ತೊಳೆಯಬೇಕೆಂದು ಪಂಪ್‌ಶೆಡ್ಡಿನಲ್ಲಿ ಪೈಪು ಹುಡುಕುತ್ತಿದ್ದೆ. ಗೊಬ್ಬರದ ಖಾಲಿ ಚೀಲಗಳ ಅಡಿಯಲ್ಲಿ ಅದು ಸುರುಳಿ ಸುತ್ತಿ ಮಲಗಿತ್ತು: ನೀಲಿ ನೈಲಾನ್ ಹಗ್ಗ, ಮೊಳಕ್ಕೊಂದರಂತೆ ಗಂಟು. ಮೂಗಿನ ಹತ್ತಿರ ತಂದರೆ ಪಾಚಿಯದೂ ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನದೂ ಬೆರೆತ ವಾಸನೆ. ನೀವು ನಮ್ಮ ಕಡೆಯವರಾದರೆ ಹೊಂಡದ ಹಗ್ಗದ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ಬೇರೆಯವರಾದರೆ ಕೇಳಿ. ಕೃಷಿಹೊಂಡದಲ್ಲಿ ನೀರು ಇಂಗದಿರಲೆಂದು ನಾವು ಕಪ್ಪು ಶೀಟು ಹಾಸುತ್ತೇವೆ. ಪಾಚಿ ಹಿಡಿದ ಆ ಇಳಿಜಾರಿನಲ್ಲಿ ಕಾಲೂ ನಿಲ್ಲುವುದಿಲ್ಲ, ಕೈಯೂ ನಿಲ್ಲುವುದಿಲ್ಲ; ಈಜು ಬಲ್ಲವರು ಕೂಡ ದಡ ಹತ್ತಲಾರದೆ ಸೋಲುತ್ತಾರೆ. ಅದಕ್ಕೇ ಗಂಟು ಹಾಕಿದ ಹಗ್ಗ. ಈ ಹಗ್ಗವನ್ನು ಮಾತ್ರ ಅಪ್ಪ ಮೂರು ವರ್ಷದ ಹಿಂದೆ ಒಂದೇ ಒಂದು ದಿನಕ್ಕೆಂದು ತಂದಿದ್ದ.

ದೊಡ್ಡಮ್ಮ ಎಂದರೆ ಮುನಿರತ್ನಮ್ಮ, ನಮ್ಮಪ್ಪನ ಅಣ್ಣನ ಹೆಂಡತಿ. ಅವಳು ಸೊಸೆಯಾಗಿ ಬಂದಾಗ ಅಪ್ಪ ಚಡ್ಡಿ ಹಾಕಿಕೊಂಡು ಸ್ಕೂಲಿಗೆ ಹೋಗುತ್ತಿದ್ದನಂತೆ. ತಲೆಗೆ ಎಣ್ಣೆ ಹಚ್ಚಿ ಕಳಿಸುತ್ತಿದ್ದವಳು ಅವಳೇ. ಮಕ್ಕಳಾಗಲಿಲ್ಲ. ದೊಡ್ಡಪ್ಪ ಕಾಮಾಲೆಯಾಗಿ ತೀರಿಕೊಂಡ ಮೇಲೆ ಚಿಕ್ಕಬಳ್ಳಾಪುರದಲ್ಲೊಂದು ಬಾಡಿಗೆ ಮನೆ ಹಿಡಿದು ರವಿಕೆ ಹೊಲಿಯಲು ಕುಳಿತಳು. ಒಂದೆರಡು ವರ್ಷಕ್ಕೆ, ಪಕ್ಕದ ಬೀದಿಯ ವೆಲ್ಡಿಂಗ್ ಶಾಪಿನ ಮಹಡಿಯಲ್ಲಿ ಭಾನುವಾರ ಸೇರುವ ಕ್ರೈಸ್ತರ ಸಭೆಗೆ ಹೋಗತೊಡಗಿದಳು.

ನೆಂಟರ ಕಥೆ ಒಂದಾದರೆ ಸಭೆಯವರ ಕಥೆ ಇನ್ನೊಂದು. ಬಹುಕಾಲದ ತಲೆನೋವು ಒಂದೇ ಪ್ರಾರ್ಥನೆಗೆ ಬಿಟ್ಟುಹೋಯಿತು, ಅಲ್ಲಿಂದ ನಂಬಿದಳು ಎಂದು ಅವರಲ್ಲಿ ಕೆಲವರು ಕಣ್ಣೊರೆಸಿಕೊಂಡು ಹೇಳುತ್ತಿದ್ದರು. ನಾನು ದೊಡ್ಡಮ್ಮನನ್ನೇ ಕೇಳಿದೆ. ಅವಳು ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ರವಿಕೆಯ ಗುಂಡಿಗಳಿಗೆ ಕಾಜಾ ಹಾಕುತ್ತಿದ್ದಳು.

“ಎಲ್ಲಿ ಹೋಯ್ತೇ ತಲೆನೋವು? ಇಲ್ಲೇ ಕೂತಿದೆ ನೋಡು.”

“ಮತ್ತೆ ಅವರು ಹಂಗಂತಾರಲ್ಲ?”

“ಒಂದು ವಾರ ಹೋಗಿತ್ತು. ದೇವ್ರಿಗೆ ಥ್ಯಾಂಕ್ಸ್ ಅಂದೆ. ಬಂತು. ಅದಕ್ಕೇನೀಗ, ಮಾತ್ರೆ ನುಂಗ್ದೆ.”

ಎರಡೂ ಕಥೆಗಳು ಬಿದ್ದವು. ಸಹಜವಾಗಿಯೇ ಮೂರನೆಯದನ್ನು ನಾನು ಕಟ್ಟಿದೆ. ನಮ್ಮ ಮನೆಯ ಶುಭಕಾರ್ಯಗಳಲ್ಲಿ ಅರಿಸಿನ ಕಲಸುವಾಗ ದೊಡ್ಡಮ್ಮ ತಾನಾಗಿಯೇ ಎರಡು ಹೆಜ್ಜೆ ಹಿಂದೆ ನಿಲ್ಲುತ್ತಿದ್ದಳು. ಯಾರೂ ಹಿಂದೆ ಹೋಗು ಎನ್ನುತ್ತಿರಲಿಲ್ಲ, ಮುಂದೆ ಬಾ ಎನ್ನುತ್ತಲೂ ಇರಲಿಲ್ಲ. ಸಭೆಯಲ್ಲಾದರೆ ಮದುವೆಯಾಗಲಿರುವ ಹುಡುಗಿಯ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಲು ಅವಳನ್ನೇ ಕರೆಯುತ್ತಿದ್ದರು. ಸಿಕ್ಕಿತಲ್ಲ ಕಾರಣ! ಇಡೀ ಥಿಯರಿಯನ್ನು ಅವಳ ಮುಂದೆ ಬಿಚ್ಚಿಟ್ಟೆ. ಅವಳು ದಾರವನ್ನು ಹಲ್ಲಿನಲ್ಲಿ ಕಡಿದಳು.

“ಚೆನ್ನಾಗೈತೆ ಲಾಯರಮ್ಮ. ಆದ್ರೆ ಅದು ನಿನ್ನ ಪಾಯಿಂಟು. ಅಲ್ಲಿ ಮರ್ಯಾದೆ ಸಿಕ್ತು, ಸುಳ್ಳಲ್ಲ. ಮರ್ಯಾದೆಗೋಸ್ಕರ ಹೋದೆ ಅಂದ್ರೆ ಸುಳ್ಳು. ಯೇಸು ನಿಜ ಅನ್ನಿಸ್ತು, ಹೋದೆ. ನಿಜ ಅನ್ನಿಸೋದು ನಿಮ್ಮಂಥ ಓದಿದೋರಿಗೆ ಮಾತ್ರಾನೇನೇ?”

ಗಂಟೆ ಹೊಡೆಯದೆಯೇ ನಾನು ಕುಳಿತುಕೊಂಡ ಮೊದಲ ಸಲ ಅದು.

ಆದರೂ (ನೋಡಿ, ಆ ಮಾತು ನನಗೂ ಅಂಟಿದೆ) ಒಂದು ನೋಟ್‌ಬುಕ್ಕಿನಲ್ಲಿ ಏಳು ಪ್ರಶ್ನೆ ಬರೆದುಕೊಂಡು ಒಂದು ಭಾನುವಾರ ಅವಳ ಜೊತೆ ಹೋದೆ. ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು, ಜಮಖಾನದ ಮೇಲೆ ಗಂಡಸರು ಒಂದು ಕಡೆ, ಸೆರಗು ಹೊದ್ದ ಹೆಂಗಸರು ಒಂದು ಕಡೆ. ವಿಗ್ರಹವಿಲ್ಲ, ಪಟವಿಲ್ಲ, ದೀಪವಿಲ್ಲ. ಒಂದು ಕೀಬೋರ್ಡು, ಒಂದು ಡೋಲಕ್, ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ವಾಕ್ಯ. ಒಂದು ಹಾಡು ಕನ್ನಡ, ಮುಂದಿನದು ತೆಲುಗು. ಯಾರಿಗೂ ಅದು ಎರಡು ಭಾಷೆ ಎಂದು ಅನ್ನಿಸಿದಂತಿರಲಿಲ್ಲ. ಆಮೇಲೆ ಪ್ರಾರ್ಥನೆ. ಎಲ್ಲರೂ ಕಣ್ಣು ಮುಚ್ಚಿ, ಒಟ್ಟಿಗೇ, ತಂತಮ್ಮ ಮಾತನ್ನು ಗಟ್ಟಿಯಾಗಿ ದೇವರಿಗೆ ಹೇಳತೊಡಗಿದರು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಬಾರದೆಂಬ ನಿಯಮದಲ್ಲಿ ಬೆಳೆದ ನಾನು ಕಣ್ಣು ಬಿಟ್ಟುಕೊಂಡೇ ಕುಳಿತೆ. ಇಷ್ಟು ಜನರ ಮಾತನ್ನು ಒಟ್ಟಿಗೆ ಕೇಳುವ ಅಧ್ಯಕ್ಷರು ಯಾರಪ್ಪ ಎಂದುಕೊಂಡೆ. ಅವರ ನಂಬಿಕೆಯೇ ಅದಲ್ಲವೆ, ಕೇಳುವವನೊಬ್ಬನಿದ್ದಾನೆ ಎಂಬುದು.

ಆಮೇಲೆ ಸಾಕ್ಷಿ. ಯಾರು ಬೇಕಾದರೂ ಎದ್ದುನಿಂತು ತನಗೆ ಆದದ್ದನ್ನು ಹೇಳಬಹುದು, ಪಾಟೀಸವಾಲಿಲ್ಲ. ಕೊನೆಗೆ ಪಾಸ್ಟರ್ ಸಮುವೇಲಪ್ಪ ಸತ್ಯವೇದ, ಎಂದರೆ ಬೈಬಲ್, ಬಿಡಿಸಿ ಪ್ರಸಂಗ ಮಾಡಿದರು. ಚಿಂತಾಮಣಿ ಕಡೆಯವರು, ವಾರವೆಲ್ಲ ಬೋರ್‌ವೆಲ್ ಮೋಟರ್ ರಿಪೇರಿ ಮಾಡುವವರು. ನಮ್ಮ ಮೋಟರ್ ಸುಟ್ಟಾಗಲೂ ವೈಂಡಿಂಗ್ ಅವರದೇ. ಮಾತೂ ಹಾಗೇ. “ಸುಟ್ಟ ಮೋಟರ್ರು ತನ್ನನ್ನ ತಾನೇ ರಿಪೇರಿ ಮಾಡ್ಕೊಳ್ಳುತ್ತಾ? ಹಂಗೇ ಮನುಷ್ಯ,” ಎಂದರು. ನಮ್ಮ ಪುಣ್ಯ ಸಾಲದು, ನಮ್ಮ ಪಾಪವನ್ನು ಯೇಸು ಶಿಲುಬೆಯ ಮೇಲೆ ಹೊತ್ತ, ಸತ್ತು ಎದ್ದ, ಮತ್ತೆ ಬರುತ್ತಾನೆ. ನಂಬುವುದೊಂದೇ ನಮ್ಮ ಕೆಲಸ, ಉಳಿದದ್ದು ಅವನ ಕೃಪೆ. ನಾನು ಗೀಚಿಕೊಂಡ ಸಾರಾಂಶ ಇಷ್ಟು.

ಸಭೆ ಮುಗಿದ ಮೇಲೆ ಟೀ ಕುಡಿಯುತ್ತ ನನ್ನ ಪಟ್ಟಿ ತೆಗೆದೆ. ಆರು ಪ್ರಶ್ನೆಗಳಿಗೆ ಅವರು ತಾಳ್ಮೆಯಿಂದ ಉತ್ತರಿಸಿದರು. ಒಂದೆರಡು ಒಪ್ಪುವಂತಿದ್ದವು, ಉಳಿದವು ನನಗೆ ಒಪ್ಪಿಗೆಯಾಗಲಿಲ್ಲ. ಏಳನೆಯದನ್ನು ಕೊನೆಗೆಂದೇ ಇಟ್ಟುಕೊಂಡಿದ್ದೆ. ಬಲವಾದ ಏಟನ್ನು ಕೊನೆಗಿಡಬೇಕೆಂದು ನಮ್ಮ ಮೇಷ್ಟ್ರು ಕಲಿಸಿದ್ದರು.

“ನಮ್ಮ ದೊಡ್ಡಪ್ಪ ಯೇಸು ಹೆಸ್ರು ಕೇಳದೇನೇ ಸತ್ತೋದ್ರಲ್ಲ. ಅವರೀಗ ಎಲ್ಲಿದಾರೆ ಪಾಸ್ಟರ್?”

ಸಮುವೇಲಪ್ಪ ಟೀ ಲೋಟ ಕೆಳಗಿಟ್ಟರು. “ನಂಗೊತ್ತಿಲ್ಲಮ್ಮ. ದೇವ್ರು ಅನ್ಯಾಯ ಮಾಡಲ್ಲ ಅನ್ನೋದೊಂದು ಗೊತ್ತು,” ಎಂದರು. ಗೊತ್ತಿಲ್ಲ ಎಂದು ಒಪ್ಪಿಕೊಂಡವರನ್ನು ನಾನು ಯಾವ ವೇದಿಕೆಯಲ್ಲೂ ಕಂಡಿರಲಿಲ್ಲ. ಗೆದ್ದೆ ಎಂದುಕೊಂಡು ತಿರುಗಿ ನೋಡಿದರೆ ದೊಡ್ಡಮ್ಮ ಕುಳಿತಿದ್ದ ಜಾಗ ಖಾಲಿ. ಅವಳು ಕೆಳಗಿಳಿದು ಹೋಗಿ, ಬೀದಿಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಆ ಪ್ರಶ್ನೆಯನ್ನು ಅವಳು ನನಗಿಂತ ಮುಂಚೆ, ನನಗಿಂತ ಹೆಚ್ಚು ಸಲ ಕೇಳಿಕೊಂಡಿದ್ದಾಳೆ ಎಂದು ನನಗೆ ಅಲ್ಲಿಯವರೆಗೂ ಹೊಳೆದಿರಲಿಲ್ಲ. ಆ ನೋಟ್‌ಬುಕ್ಕನ್ನು ಮತ್ತೆ ತೆರೆಯಲಿಲ್ಲ.

ಕೆಲವು ತಿಂಗಳಿಗೆ ದೊಡ್ಡಮ್ಮ ನಮ್ಮ ಮನೆಗೆ ಬಂದು, ದೀಕ್ಷಾಸ್ನಾನ ತಗೊಳ್ತೀನಿ ಎಂದಳು. ತಲೆಯ ಮೇಲೆ ಹನಿ ನೀರು ಚಿಮುಕಿಸುವುದು ಅವರಲ್ಲಿ ನಡೆಯುವುದಿಲ್ಲ. ಪೂರ್ತಿ ಮುಳುಗಿ ಏಳಬೇಕು. ಹಳೆಯ ಬದುಕನ್ನು ಹೂತು ಹೊಸದಕ್ಕೆ ಏಳುವ ಗುರುತು ಅದು. “ಹೂಳೋದು ಅಂದ್ರೆ ಒಂದು ಹಿಡಿ ಮಣ್ಣು ಉದುರಿಸಿದ್ರೆ ಸಾಕಾಗುತ್ತೇನಮ್ಮ?” ಎಂದು ಸಮುವೇಲಪ್ಪ ನನಗೆ ಹೇಳಿದ್ದರು.

ಅಪ್ಪನಿಗೆ ಈ ಸೂಕ್ಷ್ಮಗಳು ಬೇಕಿರಲಿಲ್ಲ. ಅವನದು ಒಂದೇ ಮಾತು.

“ಅತ್ತಿಗೆ, ನಮ್ಮಣ್ಣನಿಗೆ ಎಡೆ ಇಡೋರು ಯಾರು? ಅದೊಂದು ಹೇಳಿ.”

ಅಮಾವಾಸ್ಯೆಯ ದಿನ ತೀರಿಹೋದ ಹಿರಿಯರಿಗೆ ಅವರಿಗಿಷ್ಟವಾದದ್ದನ್ನು ಎಲೆಯ ಮೇಲೆ ಬಡಿಸಿಡುವುದೇ ಎಡೆ. ದೊಡ್ಡಪ್ಪನಿಗೆ ಕಜ್ಜಾಯ ಇಷ್ಟ. ಅವನು ಹೋದಂದಿನಿಂದ ಪ್ರತಿ ವರ್ಷ ದೊಡ್ಡಮ್ಮನೇ ಬಂದು ಕರಿದಿಡುತ್ತಿದ್ದಳು.

“ನೀನಿದೀಯಲ್ಲಪ್ಪ, ಇಡು. ನಾನು ಬೇಡ ಅನ್ನಲ್ಲ.”

“ನಾನ್ ಮಾಡಿದ್ರೆ ಅವನು ತಿಂತಾನಾ? ಮುಖ ತಿರುಗಿಸ್ಕೊಂಡು ಹೋಗ್ತಾನೆ.”

“ಸತ್ತೋರು ತಿನ್ನಲ್ಲ, ನಾರಾಯಣಪ್ಪ. ತಿನ್ನೋಂಗಿದ್ರೆ ನಾನ್ಯಾಕೆ ಬಿಡ್ತಿದ್ದೆ?”

ಅಪ್ಪ ಟವಲ್ಲನ್ನು ಹೆಗಲಿಗೆ ಎಸೆದುಕೊಂಡು ಹೊರಟ. ಹೊಸ್ತಿಲವರೆಗೆ ಹೋದವನು ನಿಂತ.

“ಎಲ್ಲಿ ಮುಳುಗೋದು?”

“ಕಲ್ಲು ಕ್ವಾರಿ ಗುಂಡಿಲಿ. ಬೇರೆ ಎಲ್ಲಪ್ಪ ಐತೆ ನೀರು?”

ಅಪ್ಪ ವಾಪಸು ಬಂದ. “ಆ ಗುಂಡಿ ಆಳ ತೋಡಿದೋರಿಗೇ ಗೊತ್ತಿಲ್ಲ. ನಿಮಗೆ ಈಜು ಬರುತ್ತಾ? ಆ ಸಮುವೇಲಪ್ಪನಿಗೆ ಬರುತ್ತಾ?”

“ಮುಳುಗಿಸಿ ಎತ್ತೋಕೆ ಈಜು ಯಾಕೆ?”

“ಎತ್ತದೇ ಹೋದ್ರೆ?” ಅಪ್ಪ ಟವಲ್ಲನ್ನು ಹೆಗಲಿಂದ ಎಳೆದ. ಆಮೇಲೆ ಗೋಡೆಯ ಕಡೆ ತಿರುಗಿ, ಸಿಟ್ಟಿನಲ್ಲೇ, “ಮುಳುಗೋದೇ ಆದ್ರೆ ನಮ್ಮ ಹೊಂಡದಲ್ಲೇ ಮುಳುಗಿ,” ಎಂದ.

ಹಿಂದಿನ ದಿನ ಅಪ್ಪ ಮೋಟರ್ ಓಡಿಸಿ ಹೊಂಡದ ನೀರನ್ನು ಎದೆಮಟ್ಟಕ್ಕೆ ಇಳಿಸಿದ. ತಾನೇ ಇಳಿದು ನಿಂತು ಅಳತೆ ನೋಡಿದ. ಹೊಸ ಹಗ್ಗ ತಂದು ಗಂಟು ಹಾಕಿದ. ಬೆಳಿಗ್ಗೆ ಸಭೆಯವರು ಟೆಂಪೋದಲ್ಲಿ ಬಂದಿಳಿದು ಏರಿಯ ಮೇಲೆ ನಿಂತು ಹಾಡತೊಡಗಿದರು. ಬಿಳಿ ಅಂಗಿಯ ಸಮುವೇಲಪ್ಪ ಗಂಭೀರವಾಗಿ ಮೊದಲ ಹೆಜ್ಜೆ ಇಟ್ಟದ್ದೇ ತಡ, ಕುಂಡಿಯ ಮೇಲೆ ಜರ್‍ರನೆ ಜಾರಿ ನೀರಿಗಿಳಿದರು. ಹಾಡು ನಿಂತಿತು. “ಗಂಟು ಹಿಡ್ಕೊಳಿ ಪಾಸ್ಟರೇ, ಗಂಟು!” ಎಂದು ಅಪ್ಪ ಕೂಗಿದ. ಎಲ್ಲರಿಗಿಂತ ಮೊದಲು ನಕ್ಕವಳು ದೊಡ್ಡಮ್ಮ.

ಅವಳ ಸೊಂಟಕ್ಕೆ ಹಗ್ಗ ಕಟ್ಟದೆ ಇಳಿಸಲು ಅಪ್ಪ ಒಪ್ಪಲಿಲ್ಲ. ಇನ್ನೊಂದು ತುದಿಯನ್ನು ಅವನೂ ನಾನೂ ಹಿಡಿದುಕೊಂಡೆವು. ದೇವರಿದ್ದಾನೆಯೇ ಎಂಬ ವಿಷಯದ ಮೇಲೆ ವಿರೋಧ ಮಾತಾಡಿ ಬಹುಮಾನ ತೆಗೆದುಕೊಂಡವಳು ದೀಕ್ಷಾಸ್ನಾನದ ಹಗ್ಗ ಹಿಡಿದಿದ್ದೆ. ಗೆಳತಿಯರು ಯಾರೂ ನೋಡಲಿಲ್ಲ, ಪುಣ್ಯ.

“ಮುನಿರತ್ನಮ್ಮ, ಯೇಸುವನ್ನ ನಂಬ್ತೀಯಾ? ಯಾರಾದ್ರೂ ಬಲವಂತ ಮಾಡಿದಾರಾ?”

“ನಂಬ್ತೀನಿ. ಬಲವಂತ ಯಾರೂ ಮಾಡಿಲ್ಲ. ಬೇಡ ಅಂದೋರೇ ಎಲ್ಲ.”

ಸಮುವೇಲಪ್ಪ ಅವಳ ಬೆನ್ನಿಗೆ ಕೈಕೊಟ್ಟು ಹಿಂದಕ್ಕೆ ಬಾಗಿಸಿದರು. ನೀರು ಕಿವಿ ಮುಟ್ಟಿತು, ಕೆನ್ನೆ ಮುಟ್ಟಿತು. ಅಷ್ಟರಲ್ಲಿ ಹಗ್ಗ ನನ್ನ ಅಂಗೈಯನ್ನು ತರಚಿಕೊಂಡು ಹಿಂದಕ್ಕೆ ಓಡಿತು. ಅಪ್ಪ ಎಳೆದುಬಿಟ್ಟಿದ್ದ. ದೊಡ್ಡಮ್ಮ ಮುಖ ಮುಳುಗುವ ಮೊದಲೇ ಕೆಮ್ಮುತ್ತ ಎದ್ದು ನಿಂತಳು. ಇದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಏರಿಯ ಮೇಲೆ ಗುಸುಗುಸು ಹಬ್ಬಿತು. ಇನ್ನೊಮ್ಮೆ ಆಗಬೇಕು ಎಂದರು ಸಮುವೇಲಪ್ಪ.

ದೊಡ್ಡಮ್ಮ ಕಣ್ಣಿನ ನೀರು ಒರೆಸಿಕೊಂಡು ಮೇಲೆ ನೋಡಿದಳು. “ಹಗ್ಗ ಸಡ್ಲ ಬಿಡಪ್ಪ, ನಾರಾಯಣಪ್ಪ. ನಾನೆಲ್ಲೂ ಹೋಗಲ್ಲ.”

ಅಪ್ಪ ಒಂದೊಂದೇ ಗಂಟಿನಷ್ಟು ಹಗ್ಗ ಬಿಡುತ್ತ ಬಂದ. ಅವಳು ಪೂರ್ತಿ ಮುಳುಗಿದಳು. ಒಂದು ಕ್ಷಣ ಹೊಂಡದ ಮೇಲೆ ಏನೂ ಇರಲಿಲ್ಲ. ಆಮೇಲೆ ನೀರು ಸುರಿಯುತ್ತ ಎದ್ದಳು. ಏರಿಯ ಮೇಲಿನವರು ಸ್ತೋತ್ರ ಸ್ತೋತ್ರ ಎಂದು ಕೂಗಿದರು. ಅಪ್ಪ ಅಲ್ಲೇ ಕುಕ್ಕರಗಾಲಲ್ಲಿ ಕುಳಿತ. ಅದೇ ನೀರು ಕುಡಿದ ನಮ್ಮ ಹೊಲದ ಸೇವಂತಿಗೆ ಹೂವು ಆ ವಾರ ಎಂದಿನಂತೆ ಮಾರ್ಕೆಟ್ಟಿಗೂ ಅಲ್ಲಿಂದ ದೇವಸ್ಥಾನಗಳಿಗೂ ಹೋಯಿತು. ಯಾವ ದೇವರೂ ತಕರಾರು ಮಾಡಿದ ಸುದ್ದಿ ಬರಲಿಲ್ಲ.

ತಕರಾರು ಬಂದದ್ದು ಕಜ್ಜಾಯದಲ್ಲಿ. ಆ ವರ್ಷದ ಅಮಾವಾಸ್ಯೆಗೆ ಅಪ್ಪನೇ ಬಾಣಲೆ ಮುಂದೆ ಕುಳಿತು, ಎಡೆ ಇಟ್ಟ ಮೇಲೆ ಒಂದು ಡಬ್ಬಿಗೆ ತುಂಬಿ ನನ್ನ ಕೈಲಿ ಕಳಿಸಿದ. ದೊಡ್ಡಮ್ಮ ಡಬ್ಬಿ ತೆಗೆದುಕೊಂಡಳು, ಮುಚ್ಚಳ ತೆರೆಯಲಿಲ್ಲ. “ಎಡೆಗಿಟ್ಟಿದ್ದು ನಾನು ತಿನ್ನಲ್ಲ ಕಣೇ. ಬೇಜಾರ್ ಮಾಡ್ಕೋಬೇಡ,” ಎಂದು ಪಕ್ಕದ ಮನೆಗೆ ಕೊಟ್ಟಳು. ನನಗೆ ರೇಗಿತು. ಅಪ್ಪನಿಗೆ ಮಾತ್ರ, ತಿಂದಳು ಎಂದು ಸುಳ್ಳು ಹೇಳಿದೆ. ಚರ್ಚೆಯಲ್ಲಿ ಎಂದೂ ಸುಳ್ಳು ಹೇಳಿದವಳಲ್ಲ ನಾನು. ಅವನು ನಂಬಲಿಲ್ಲ. ಮರುವರ್ಷ ಡಬ್ಬಿ ಕಳಿಸಲಿಲ್ಲ.

ಇವತ್ತು, ಹಗ್ಗವನ್ನು ಮತ್ತೆ ಸುರುಳಿ ಸುತ್ತಿ ಗೂಟಕ್ಕೆ ತೂಗುಹಾಕಿ ಅಡುಗೆಮನೆಗೆ ಬಂದರೆ, ಅಪ್ಪ ಬೆಲ್ಲದ ಪಾಕ ತಿರುವುತ್ತಿದ್ದಾನೆ. ಪಕ್ಕದಲ್ಲಿ ಫೋನು, ಸ್ಪೀಕರಿನಲ್ಲಿ ದೊಡ್ಡಮ್ಮ. ಮೂರು ವರ್ಷವಾದರೂ ಅವನಿಗೆ ಪಾಕದ ಹದ ಸಿಕ್ಕಿಲ್ಲ.

“ನೀರಲ್ಲಿ ಹಾಕಿ ನೋಡಪ್ಪ. ಉಂಡೆ ಕಟ್ತಾ?”

“ಕಟ್ತು ಅತ್ತಿಗೆ.”

“ಸಾಕು, ಇಳಿಸು. ಹಿಟ್ಟು ಒಂದೇ ಸಲ ಸುರಿಬೇಡ. ಗಸಗಸೆ ಹಾಕಿದ್ಯಾ? ಒಂದು ಹಿಡಿ ಜಾಸ್ತಿ ಹಾಕು, ಅವರಿಗೆ ಗಸಗಸೆ ಇಲ್ದಿದ್ರೆ ಆಗಲ್ಲ.”

ಸತ್ತವರು ತಿನ್ನುವುದಿಲ್ಲವಾದರೆ ಗಸಗಸೆ ಯಾರಿಗೆ? ಪ್ರಶ್ನೆ ನಾಲಗೆಯ ತುದಿಗೆ ಬಂತು. ಇಷ್ಟು ಚೊಕ್ಕವಾದ ಏಟು ನನಗೆ ಯಾವ ವೇದಿಕೆಯಲ್ಲೂ ಸಿಕ್ಕಿರಲಿಲ್ಲ. ಬೀದಿಯ ಗೋಡೆಗೆ ಮುಖ ಮಾಡಿ ನಿಂತ ಒಂದು ಬೆನ್ನು ಕಣ್ಣ ಮುಂದೆ ಬಂತು. ನುಂಗಿಕೊಂಡೆ.

ಹಿರಿಯರ ಎಲೆಗೆ ಬಡಿಸುವ ಮುಂಚೆ ಒಂದು ಚೂರನ್ನೂ ಯಾರೂ ಮುಟ್ಟುವಂತಿಲ್ಲ. ಅದು ಅಪ್ಪನ ನಿಯಮ. ಬಡಿಸಿದ ಮೇಲೆ ದೊಡ್ಡಮ್ಮ ಮುಟ್ಟುವುದಿಲ್ಲ, ಅದು ಅವಳದು. ನಾನು ಫೋನಿನ ಹತ್ತಿರ ಬಗ್ಗಿದೆ. ಇಬ್ಬರಲ್ಲಿ ಯಾರನ್ನು ಕೇಳುತ್ತಿದ್ದೇನೆಂದು ನನಗೇ ತಿಳಿಯದು. ನನ್ನ ಮಾತಿಗೆ ಅಪ್ಪನ ಸೌಟು ಬಾಣಲೆಯಲ್ಲೇ ನಿಂತಿತು, ಆ ಕಡೆ ಹೊಲಿಗೆ ಮೆಷಿನ್ನಿನ ಸದ್ದೂ ನಿಂತಿತು.

“ದೊಡ್ಡಮ್ಮ, ಈ ಸಲ ಎಡೆ ಇಡೋಕ್ ಮುಂಚೆ ನಾಲ್ಕು ಕಜ್ಜಾಯ ನಿಂಗೆ ಅಂತ ತೆಗ್ದಿಡ್ಲಾ?”