ಎದೆಯ ಮೇಲಿನ ನೀಲಿ ಗೀಟು

ಬೋರಗಾಂವದ ನಮ್ಮ ನೆರೆಮನೆಯ ಕಾಕು ಪ್ರತಿದಿನ ಬೆಳಿಗ್ಗೆ ಜಳಕ ಮಾಡಿ ಬಸದಿಗೆ ಗಂಧ ತೇಯ್ದು ಕೊಡುತ್ತಿದ್ದರು. ಓಣಿಯ ಮಕ್ಕಳು ಮೊಣಕಾಲಿಗಷ್ಟೇ ನೀರು ಸುರಿದುಕೊಂಡು ಓಡಿದರೆ, "ಅರ್ಧಾ ಮೈ ತೊಳದ್ರ ಜಳಕ ಅನ್ನೂದಿಲ್ಲ" ಎಂದು ಕೈ ಹಿಡಿದು ವಾಪಸ್ ಕರೆತರುತ್ತಿದ್ದರು.

ಅವರ ಎಡ ಸ್ತನದಲ್ಲಿ ಸಣ್ಣ ಕ್ಯಾನ್ಸರ್ ಗಂಟು ಸಿಕ್ಕಿತು. ಆಪರೇಷನ್ ಆದ ಮೇಲೆ, ಅದರ ಹಿಂದಿರುವ ಹೃದಯಕ್ಕೆ ಕಿರಣ ತಾಗುವುದು ಕಡಿಮೆಯೆಂದು ಮನೆಯವರು ಚೆನ್ನೈನಲ್ಲಿ ಪ್ರೋಟಾನ್ ಕಿರಣದ ಚಿಕಿತ್ಸೆ ಕೊಡಿಸಿದರು. ಜೊತೆಗೆ ನಾನು ಹೋಗಿದ್ದೆ. ಕಿರಣದ ಗುರಿ ತಪ್ಪದಿರಲೆಂದು ಡಾಕ್ಟರು ಎದೆಯ ಮೇಲೆ ನೀಲಿ ಗೀಟುಗಳನ್ನು ಎಳೆದು, ಚಿಕಿತ್ಸೆ ಮುಗಿಯುವವರೆಗೆ ಅಲ್ಲಿ ನೀರು ಹಾಕಬೇಡಿ ಎಂದರು.

ಕಾಕು ಅಲ್ಲಿನ ಬಸದಿಗೆ ದಿನಾ ಹೋಗಿ, ಹೊಸ್ತಿಲ ಹೊರಗೇ ನಿಂತು ಕೈಮುಗಿಯುತ್ತಿದ್ದರು.

"ಒಳಗ ಬರ್ರಿ ಕಾಕು, ದೇವರಿಗೆ ಎಲ್ಲಾ ಗೊತ್ತೈತಿ" ಎಂದೆ.

"ನನಗೂ ಗೊತ್ತೈತಲ್ಲವ್ವ" ಎಂದರು.

ಚಿಕಿತ್ಸೆ ಮುಗಿದು, ಇನ್ನು ತೊಳೆಯಬಹುದು ಎಂದು ಡಾಕ್ಟರು ಹೇಳಿದ ಮರುದಿನ ತಲೆಯ ಮೇಲಿಂದ ನೀರು ಹಾಕಿಕೊಂಡರು. ಕಪ್ಪಾಗಿದ್ದ ಚರ್ಮವನ್ನು ಉಜ್ಜಲು ಹೋದಾಗ ನಾನು ಕೈ ಹಿಡಿದೆ.

"ಗೀಟೆಲ್ಲಾ ಹೋಗ್ಯಾವೇನ ನೋಡವ್ವ" ಎಂದು ತೋಳೆತ್ತಿದರು.

ಕಂಕುಳ ಬಳಿ ಒಂದು ಉಳಿದಿತ್ತು.

"ಎಲ್ಲಾ ಹೋಗ್ಯಾವ್ರಿ ಕಾಕು" ಎಂದೆ.

ಅವತ್ತು ಅವರು ಬಸದಿಯ ಒಳಗೆ ಹೋದರು. ನಾನು ಹೊಸ್ತಿಲ ಹೊರಗೇ ನಿಂತೆ.