ದೇಶಪಾಂಡೆ ಸರ್ ಲಾಗಿನ್

ಗೆಳೆಯರ, ಹೋದ ತಿಂಗಳ ತೀರಿಕೊಂಡ ನಮ್ಮ ದೇಶಪಾಂಡೆ ಸರ್ ಅವರ ಲಾಗಿನ್ ಡೇಟಾಬೇಸಿನಿಂದ ತಗಿಯೋ ಕೆಲಸ ಇವತ್ತ ಪುಣೆಯ ಹಡಪಸರದ ಆಫೀಸಿನಾಗ ನನ್ನ ಪಾಲಿಗೆ ಬಂತು.

ತಗದೆ. ಐದು ನಿಮಿಷಕ್ಕ ಅವರ ಹೆಸರು ತಿರುಗಿ ಬಂತು. ಮತ್ತ ತಗದೆ, ಮತ್ತ ಬಂತು.

ಬಾಜೂ ಕುಂತಿದ್ದ ಸ್ಮಿತಾ ಮೆಲ್ಲಗ ಹೇಳಿದ್ಲು: "ಕೈಯಿಂದ ತಗದ್ರ ಹೋಗಂಗಿಲ್ರಿ. ಯಾರ್ಯಾರ ಲಾಗಿನ್ ಇರಬೇಕು ಅಂತ ಫೈಲಿನಾಗ ಬರದದ. ಅದನ್ನ ನೋಡಿ ಕುಬರ್ನೆಟಿಸ್ ಅನ್ನೋ ಸಾಫ್ಟ್‌ವೇರ್ ತಾನ ತಿರುಗಿ ಸೇರಸ್ತದ. ಸರ್ ಅವರೇ ಮಾಡಿಟ್ಟ ವ್ಯವಸ್ಥಾ ಅಲ್ಲೇನ್ರಿ?"

ಹೌದು. "ಕೈಯಿಂದ ಏನೂ ಮಾಡಬ್ಯಾಡ್ರಿ, ಫೈಲಿನಾಗ ಬರದು ಇಡ್ರಿ" ಅಂತ ದಿನಾ ಬೈತಿದ್ರು.

ಫೈಲು ತೆರೆದು ಅವರ ಹೆಸರಿದ್ದ ಸಾಲು ಅಳಿಸಿದೆ. ಎರಡು ಸಲ ಓದಿದೆ. ಆಮ್ಯಾಲೆ ಒಪ್ಪಿಗೆಗೆ ಕಳಿಸಿದೆ. ಸ್ಕ್ರೀನ್ ಮ್ಯಾಲೆ ಉತ್ತರ ಮೂಡಿತು: ಈ ಫೈಲು ಬದಲಾಗಬೇಕಂದ್ರ ದೇಶಪಾಂಡೆ ಅವರ ಒಪ್ಪಿಗೆ ಬೇಕು.

ಸ್ಮಿತಾ ಕಣ್ಣೊರಸಿಕೊಂಡ್ಲು.

ಆರು ವರ್ಷದಾಗ ನಾ ಬರೆದ ಒಂದು ಸಾಲನ್ನೂ ಪ್ರಶ್ನೆ ಕೇಳದ ಪಾಸ್ ಮಾಡಿದವರಲ್ಲ ಅವರು. ತಮ್ಮ ಸಾಲು ಅಷ್ಟು ಸಲೀಸ ಬಿಟ್ಟುಕೊಡ್ತಾರೇನ್ರಿ?