ಶ್ರೀಲತಾಳ ಹತ್ತು ಚದರ ಮೀಟರ್

ಮದುವೆಯ ಸರ್ಟಿಫಿಕೇಟ್ ಎಲ್ಲಿದೆಯೆಂದು ಕೇಳಿದರೆ ಶ್ರೀಲತಾ ಸ್ವಲ್ಪ ಯೋಚಿಸಬೇಕಿತ್ತು. ಫಾರ್ಮಸಿಸ್ಟ್ ಎಂದು ತನ್ನ ಹೆಸರು ನೋಂದಣಿಯಾದ ಕಾಗದ ಎಲ್ಲಿದೆಯೆಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದಳು: ಕಪಾಟಿನ ಮೇಲೆ, ಗಾಜಿನ ಚೌಕಟ್ಟಿನ ಸಮೇತ, ಹಳೆ ಸೀರೆಯೊಂದರಲ್ಲಿ ಸುತ್ತಿಟ್ಟಿದೆ. ಅದನ್ನು ನವೀಕರಿಸುವ ಗಡುವನ್ನು ಅವಳು ಒಮ್ಮೆಯೂ ತಪ್ಪಿಸಿದವಳಲ್ಲ. ಬಾಣಂತನದಲ್ಲಿ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಒಂದು ಸಲ ಅರ್ಜಿ ತುಂಬಿದ್ದಳು.

ಹನ್ನೊಂದು ವರ್ಷ ಆ ಚೌಕಟ್ಟು ಕುಂದಾಪುರದ ಒಂದು ಮೆಡಿಕಲ್ಲಿನ ಗೋಡೆಯ ಮೇಲಿತ್ತು. ಅಂಗಡಿ ಬೇರೆಯವರದ್ದು, ಗೋಡೆಯ ಮೇಲಿನ ಹೆಸರು ಇವಳದ್ದು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಗಂಜಿ, ಚಟ್ನಿ, ಮಾವನ ಬಿಸಿನೀರು, ಮಗಳು ತೃಷಾಳ ಜಡೆ ಎಲ್ಲ ಮುಗಿಸಿ ಕಿರಿಮಂಜೇಶ್ವರದಿಂದ ಏಳೂಕಾಲರ ಬಸ್ಸು ಹಿಡಿಯುವುದು. ಇಡೀ ದಿನ ಕೌಂಟರಿನಲ್ಲಿ ನಿಂತು, ಸಂಜೆ ಬಂದು ಸೆರಗು ಸಿಕ್ಕಿಸಿ ಪುನಃ ಒಲೆಯ ಮುಂದೆ ನಿಲ್ಲುವುದು. ಸೊಸೆಗೆ ಎಂತ ಕೆಲಸ ಎಂದು ಯಾರಾದರೂ ಕೇಳಿದರೆ ಮಾವ ಗುಡ್ಡಜ್ಜ, "ಮೆಡಿಕಲ್ಲಂಗೆ ಕೂಕಂಬುದ್" ಎನ್ನುತ್ತಿದ್ದರು. ಅಲ್ಲಿ ಕುರ್ಚಿಯೇ ಇರಲಿಲ್ಲ ಎಂದು ಅವಳು ಯಾರಿಗೂ ಹೇಳಲಿಲ್ಲ.

ಮಾಲೀಕರ ಮಗ ಅದೇ ಓದು ಮುಗಿಸಿ ಬಂದ ಮೇಲೆ ಅವನ ಚೌಕಟ್ಟು ಗೋಡೆಗೇರಿತು, ಇವಳದ್ದು ಮನೆಗೆ ಬಂತು. ಮನೆಯಲ್ಲಿದ್ದರೂ ಕೆಲಸ ತಪ್ಪಲಿಲ್ಲ. ಬಾವಿಕಟ್ಟೆಗೆ ಬಂದ ಹೆಂಗಸರು ಸೆರಗಿನ ಗಂಟಿನಿಂದ ಮಾತ್ರೆಯ ಪಟ್ಟಿ ಬಿಡಿಸಿ, "ಇದ್ ಉಂಬುಕೆ ಮುಂಚೆಯಾ, ಉಂಡಾದ್ ಮೇಲಾ?" ಎಂದು ಕೇಳುತ್ತಿದ್ದರು. ಕಡಲ ಬದಿಯ ಆ ಕೇರಿಯಿಂದ ಒಂದು ಜ್ವರದ ಮಾತ್ರೆಗೂ ಬಸ್ಸು ಹತ್ತಬೇಕಿತ್ತು. ದಾರಿಗೆ ಬಾಗಿಲಿರುವ ನಮ್ಮ ಬದಿಕೋಣೆಯಲ್ಲೇ ಒಂದು ಮೆಡಿಕಲ್ ಇಟ್ಟರೆ ಎಂತ ಎಂದು ಅವಳಿಗೆ ಅನ್ನಿಸಿದ್ದು ಹಾಗೆ. ಗಂಡ ಅಶೋಕ್ ಬೋಟಿಗೆ ಹೋಗುವವನು. "ನಿನ್ ಇಷ್ಟ" ಎಂದ. ಅರ್ಜಿ ಹಾಕಿದಳು, ಕಪಾಟು ಮಾಡಿಸಿದಳು, ಫ್ರಿಜ್ಜು ತಂದಳು, ಅದರೊಳಗೆ ಉಷ್ಣತೆ ತೋರಿಸುವ ಮೀಟರ್ ಇಟ್ಟಳು. ಅಂಗಡಿ ತೆರೆಯುವ ಮೊದಲೇ ದಿನಕ್ಕೆರಡು ಸಲ ಅದನ್ನು ನೋಡಿ ಪುಸ್ತಕದಲ್ಲಿ ಬರೆಯತೊಡಗಿದಳು.

ತಪಾಸಣೆಗೆ ಬಂದ ಅಧಿಕಾರಿ ಮಿತಭಾಷಿ. ಕಾಗದಗಳನ್ನು ನೋಡಿ ತಲೆಯಾಡಿಸಿದರು, ಫ್ರಿಜ್ಜು ನೋಡಿ ತಲೆಯಾಡಿಸಿದರು. ಆಮೇಲೆ ಟೇಪು ಹಿಡಿದು ಕೋಣೆ ಅಳೆದು ಮೂಲೆಯ ಹತ್ತಿರ ನಿಂತರು.

"ಇದೇನಮ್ಮ?"

ಅದು ಕಡೆಯುವ ಕಲ್ಲು, ಮಸಾಲೆ ರುಬ್ಬುವ ಒರಳು. ಬದಿಕೋಣೆ ಹಿಂದೆ ಅಡುಗೆಕೋಣೆಯಾಗಿದ್ದಾಗ ಸಿಮೆಂಟಿನ ಕಟ್ಟೆ ಕಟ್ಟಿ ಕೂರಿಸಿದ್ದು. ಹೊಸ ಅಡುಗೆಕೋಣೆ ಹಿಂದೆ ಹೋದರೂ ಕಲ್ಲು ಇಲ್ಲೇ ಉಳಿದಿತ್ತು.

"ನೆಲಕ್ಕೆ ಕಟ್ಟಿದ ಜಾಗ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ಬಿಟ್ಟರೆ ಒಂಬತ್ತು ಪಾಯಿಂಟ್ ಏಳು. ಹತ್ತು ಚದರ ಮೀಟರ್ ಬೇಕೇ ಬೇಕು. ಬುಧವಾರ ಈ ಕಡೆ ಬರುವುದಿದೆ, ಅಷ್ಟರೊಳಗೆ ತೆಗೆಸಿ. ಇಲ್ಲದಿದ್ದರೆ ಈ ಅರ್ಜಿ ಆಗುವುದಿಲ್ಲ."

ಕಡಿಮೆ ಬಿದ್ದದ್ದು ಒಂದು ಮಣೆ ಹಾಕಿ ಹೆಂಗಸೊಬ್ಬಳು ಕೂರುವಷ್ಟು ಜಾಗ.

ಆದರೆ ಆ ಕಲ್ಲು ಅತ್ತೆ ಸರೋಜಮ್ಮನದ್ದು. ಆಯ್ತವಾರ ಬೆಳಿಗ್ಗೆ ಅವರು ಅದರಲ್ಲಿ ಕಡೆದ ಮಸಾಲೆಯ ಬಂಗುಡೆ ಸಾರು ಕೇರಿಗೆಲ್ಲ ಹೆಸರುವಾಸಿ. ಸುದ್ದಿ ಕೇಳಿದ ಗುಡ್ಡಜ್ಜ ಎಲೆಯಡಿಕೆ ಕೆಳಗಿಟ್ಟರು.

"ನಲ್ವತ್ತ್ ವರ್ಷ ಅದ್ರಂಗೆ ಕಡ್ದದ್ ಅವ್ಳ್. ಕಲ್ಲ್ ಕಿತ್ರೆ ಅವ್ಳ್ ಜೀವ ಕಿತ್ತಂಗೆ. ಮತ್ತೆ ಮಿಕ್ಸಿ ಮಸಾಲಿ ಸಾರ್ ಅಂದ್ರೆ ಕಷಾಯ ಕುಡ್ದಂಗೆ."

ತಾಯಿಯನ್ನು ಅಬ್ಬಿ ಎಂದು ಕರೆಯುವ ಅಶೋಕ್ ಉಗುರು ನೋಡಿಕೊಂಡ. "ಅಬ್ಬಿ ಕಲ್ಲ್ ಕೀಳುಕೆ ನಂಗೂ ಮನ್ಸ್ ಬತ್ತಿಲ್ಲೆ ಮಾರಾಯ್ತಿ. ಇನ್ನೊಂದ್ ವರ್ಷ ಬಿಟ್ಟ್ ಕಾಂಬ."

ಇನ್ನೊಂದು ವರ್ಷ ಅಂದರೆ ಎಂತದೆಂದು ಶ್ರೀಲತಾಳಿಗೆ ಗೊತ್ತು. ಚೌಕಟ್ಟನ್ನು ಪುನಃ ಸೀರೆಯಲ್ಲಿ ಸುತ್ತಿದಳು. ಮುದುಕಿಯ ಕೈಯಿಂದ ಕಲ್ಲು ಕಸಿದು ಅಂಗಡಿ ಇಡುವಷ್ಟು ಕೆಟ್ಟವಳಲ್ಲ ತಾನು ಎಂದು ಸಮಾಧಾನ ಮಾಡಿಕೊಂಡಳು. ಸರೋಜಮ್ಮ ಹಿಂದಿನ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದರು.

ಆಯ್ತವಾರ ಬೆಳಿಗ್ಗೆ ಮೀಟರ್ ನೋಡಲೆಂದು ಬದಿಕೋಣೆಯ ಫ್ರಿಜ್ಜಿನ ಬಾಗಿಲು ತೆಗೆದರೆ ಒಳಗೆ ಸ್ಟೀಲಿನ ಡಬ್ಬಿ. ಮುಚ್ಚಳ ಎತ್ತಿದಳು. ಕಾಯಿ, ಮೆಣಸು, ಕೊತ್ತಂಬರಿ, ಹುಳಿ: ನುಣ್ಣಗೆ ಅರೆದ ಕೆಂಪು ಮಸಾಲೆ. ಹಿಂದಿನಿಂದ ಸರೋಜಮ್ಮ ಓಡಿಬಂದರು.

"ಬಾಗ್ಲ್ ಹಾಕ್ ಹೆಣೆ!"

"ಅತ್ತೆ, ಇದೆಂತ?"

"ಮನಿ ಫ್ರಿಜ್ಜಂಗೆ ಜಾಗ ಇಲ್ಲೆ. ನಿಂದ್ ಖಾಲಿ ಇತ್ತಲೆ."

"ಇದ್ ಮಿಕ್ಸಿದ್ ಅಲ್ದಾ?"

ಸರೋಜಮ್ಮ ದಾರಿಯ ಕಡೆ ನೋಡಿ ದನಿ ತಗ್ಗಿಸಿದರು. ಎರಡು ವರ್ಷದ ಹಿಂದೆ ಬಲಗೈ ಭುಜದಿಂದ ಮೇಲೇಳದೆ ಆದ ಮೇಲೆ, ಶನಿವಾರ ಸಂಜೆ ಗಂಡಸರು ಪೇಟೆಗೆ ಹೋದ ಹೊತ್ತಿಗೆ, ಸೊಸೆ ಕೆಲಸದಿಂದ ಬರುವ ಮೊದಲೇ, ಈಗೀಗ ಅವಳು ಬಾವಿಕಟ್ಟೆಗೆ ಹೋದಾಗ, ಮಿಕ್ಸಿಯಲ್ಲಿ ಅರೆದು ಅಡಗಿಸಿಡುವುದು.

"ಮತ್ತೆ ಆಯ್ತಾರ ಕಲ್ಲಿನ್ ಶಬ್ದ?"

"ನೀರ್ ಹೊಯ್ದ್ ಎಡ್ಗೈಯಂಗೆ ಗುಂಡ ತಿರ್ಗ್ಸೂದ್. ಅವ್ರಿಗೆ ಶಬ್ದ ಕೇಂಡ್ರೆ ಸಾಕ್, ಸಾರ್ ರುಚಿ ಆತ್ತ್."

ಶ್ರೀಲತಾಳಿಗೆ ನಗು ಬಂತು, ಸಿಟ್ಟೂ ಬಂತು. "ಹಾಂಗಾರೆ ಕಲ್ಲ್ ಬೇಡ ಅಂತ ಮೊನ್ನೆಯೇ ಹೇಳುಕೆ ಆತಿರ್ಲಿಲ್ಯಾ?"

"ನನ್ನ ಯಾರ್ ಕೇಂಡದ್?" ಎಂದರು ಸರೋಜಮ್ಮ. "ಅವ್ರ್ ಬಿಡ್. ನೀನೂ ಕೇಣ್ಲಿಲ್ಲೆ."

ಅದು ನಾಟಿತು. ಕೌಂಟರಿಗೆ ಬಂದವರನ್ನೆಲ್ಲ ಎಲ್ಲಿ ನೋವು, ಎಷ್ಟು ದಿನದಿಂದ ಎಂದು ವಿಚಾರಿಸಿದವಳು ಒಂದೇ ಮನೆಯ ಮುದುಕಿಯ ಭುಜವನ್ನು ವಿಚಾರಿಸಿರಲಿಲ್ಲ. ಆದರೂ ಈ ಗುಟ್ಟನ್ನು ತಾನು ಒಡೆಯುವುದಲ್ಲ. ಕೇರಿಯಲ್ಲಿ ಅತ್ತೆಗೆ ಇರುವುದು ಅದೊಂದೇ ಹೆಸರು. "ಔಷ್ದಿ ಫ್ರಿಜ್ಜಂಗೆ ತಿಂಬು ಸಾಮಾನ್ ಇಡುಕಾಗ" ಎಂದಷ್ಟೇ ಹೇಳಿ ಡಬ್ಬಿ ಕೈಗೆ ಕೊಟ್ಟಳು.

ಮಧ್ಯಾಹ್ನ ಗುಡ್ಡಜ್ಜ ಅನ್ನಕ್ಕೆ ಸಾರು ಕಲಸಿ ಒಂದು ತುತ್ತು ಉಂಡು ಕಣ್ಣು ಮುಚ್ಚಿದರು. "ಕಾಣ್ ಮಗಾ, ಇದ್ ಕಲ್ಲಂಗೆ ಕಡ್ದದ್. ನಾಲ್ಗಿಗೆ ಗೊತ್ತಾತ್ತ್."

ಸೌಟು ಹಿಡಿದು ನಿಂತಿದ್ದ ಸರೋಜಮ್ಮ ಒಮ್ಮೆ ಸೊಸೆಯ ಮುಖ ನೋಡಿದರು.

"ನಿಮ್ ನಾಲ್ಗಿಗೆ ಎಂತದೂ ಗೊತ್ತಾತಿಲ್ಲೆ. ಅದ್ ಮಿಕ್ಸಿದ್."

"ತಮಾಶಿ ಮಾಡ್ಬೇಡ."

"ಎರಡ್ ವರ್ಷದಿಂದ ನನ್ ಬಲ್ಗೈ ಏಳ್ತಿಲ್ಲೆ, ನೀವ್ ಉಂಡದ್ ಪೂರಾ ಮಿಕ್ಸಿದೇ. ಆ ಕಲ್ಲ್ ಕಿತ್ತ್ ಹಾಕಿ. ನಂಗ್ ಅದ್ರ್ ಮುಖ ಕಾಂಬುದೇ ಬೇಡ."

ತೃಷಾ ಬಟ್ಟಲಿನೊಳಗೇ ನಕ್ಕಳು. ಅಶೋಕ್ ಉಣ್ಣುವ ಕೈ ತಡೆದ. "ಎಂತಕ್ಕೆ ಅಬ್ಬಿ? ಕೈಗೆ ಎಂತ ಆಯ್ತ್?"

"ಎರಡ್ ವರ್ಷ ಆಯ್ತ್ ಮಗಾ. ಈಗ ಕಂಡ್ಯಾ?"

ಗುಡ್ಡಜ್ಜ ಬಟ್ಟಲನ್ನೇ ನೋಡುತ್ತ ಕುಳಿತಿದ್ದರು. ಕೊನೆಗೆ, "ಸಾರ್ ಇನ್ನೂ ಇತ್ತಾ?" ಎಂದರು.

"ಇತ್ತ್."

"ಹಾಕ್."

ಸಂಜೆ ಅಶೋಕ್ ನೆರೆಮನೆಯ ಭೋಜನನ್ನು ಕರೆದು ಹಾರೆ ಹಾಕಿ ಕಟ್ಟೆ ಒಡೆದ. ಕಲ್ಲು ಉರುಳಿ ತೆಂಗಿನ ಬುಡ ಸೇರಿತು. ಬುಧವಾರ ಬಂದ ಅಧಿಕಾರಿ ಅಳೆದು ಹತ್ತು ಪಾಯಿಂಟ್ ನಾಲ್ಕು ಎಂದು ಬರೆದುಕೊಂಡರು. ಒಂದು ತಿಂಗಳಿಗೆ ಲೈಸೆನ್ಸು ಬಂತು. ಚೌಕಟ್ಟಿಗೆ ಮೊಳೆ ಹೊಡೆದವಳು ಶ್ರೀಲತಾಳೇ. ಈ ಸಲ ಅಂಗಡಿಯೂ ಅವಳದ್ದೇ. ಕಲ್ಲಿದ್ದ ಮೂಲೆಯಲ್ಲಿ ಒಂದು ಕುರ್ಚಿ ಹಾಕಿದಳು.

ಅಂಗಡಿ ತೆರೆದ ದಿನ ಒಳಗಿನಿಂದ ಗುಡ್ಡಜ್ಜ, "ಹ್ವಾಯ್, ಒಂದ್ ಚಾ" ಎಂದರು.

"ಅಂಗಡಿ ಬಾಗ್ಲ್ ತೆಗ್ದಿದ್ದಷ್ಟ್ ಹೊತ್ತ್ ಫಾರ್ಮಸಿಸ್ಟ್ ಇಲ್ಲೇ ಇರ್ಕ್ ಮಾವ. ಕಾನೂನು."

ಅವಳ ಬದುಕಿನಲ್ಲಿ ಅಡುಗೆಮನೆಗೆ ಹೋಗಬಾರದೆಂದು ಹೇಳಿದ ಮೊದಲ ಕಾನೂನು ಅದು.

ಈಗ ಅವಳು ಆಯ್ತವಾರವೂ ಮಧ್ಯಾಹ್ನದವರೆಗೆ ತೆರೆಯುತ್ತಾಳೆ. ಮೊನ್ನೆ ಮೀನು ಮಾರುವ ವನಜ ಬಿ.ಪಿ. ಮಾತ್ರೆಗೆ ಬಂದು ಕುರ್ಚಿಯಲ್ಲಿ ಕುಳಿತಿದ್ದಳು. ಶ್ರೀಲತಾ ಮೀಟರ್ ನೋಡಿ ಪುಸ್ತಕದಲ್ಲಿ ನಾಲ್ಕು ಡಿಗ್ರಿ ಎಂದು ಬರೆಯುತ್ತಿದ್ದಳು. ಒಳಗೆ ಮಿಕ್ಸಿ ಗರ್ ಎಂದಿತು, ನಿಂತಿತು. "ಮುಚ್ಳ ಗಟ್ಟಿ ಹಿಡ್ಕಣಿ ಅಂದ್ರೆ ಕೇಂತಿಲ್ಲೆ!" ಎಂದು ಸರೋಜಮ್ಮ ಕೂಗಿದ್ದು ಕೇಳಿಸಿತು.

"ಒಳ್ಗೆ ಮಸಾಲಿ ಅರೂದ್ ಯಾರ್ ಹೆಣೆ?"

"ಮಾವ."

ವನಜ ಚೀಟಿ ಹಿಡಿದ ಕೈಯನ್ನು ಹಾಗೇ ಬಿಟ್ಟು, ಒಳಬಾಗಿಲಿನತ್ತ ಕತ್ತು ಉದ್ದ ಮಾಡಿದಳು.